ಎರಡು ಮೂಟೆ ಸೋಡಾ

ಆಗಸ್ಟ್ 3

ಚಿಕ್ಕಮ್ಮನವರಿಗೆ,

ನಮಸ್ಕಾರ. ಮೊದಲಿಗೆ, ಸಾರಿ. ಇದ್ದಕ್ಕಿದ್ದ ಹಾಗೆ ನಿಮ್ಮ ಹೆಸರಿಗೇ ಕಾಗದ ಬಂದಿತೆಂದು ಗಾಬರಿಯಾಗಬೇಡಿ. ನನಗೆ ಹುಷಾರು ತಪ್ಪಿಲ್ಲ, ಫೇಲೂ ಆಗಿಲ್ಲ. (ಇನ್ನೂ ಪರೀಕ್ಷೆಯೇ ಆಗಿಲ್ಲ.) ನೀವು ನಮ್ಮ ಮನೆಗೆ ಬಂದ ಈ ಎಂಟು ವರ್ಷದಲ್ಲಿ ಅಪ್ಪನಿಗೆ ಬರೆದ ಕಾಗದಗಳ ಕೊನೆಯಲ್ಲಿ 'ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ' ಎಂದದ್ದು ಬಿಟ್ಟರೆ ನಿಮಗೆಂದು ಒಂದು ಸಾಲನ್ನೂ ಬರೆದವಳಲ್ಲ ನಾನು. ಈಗ ಬರೆಯುತ್ತಿರುವುದೂ ಕೆಲಸ ಬಿದ್ದಿದೆ ಅಂತ. ಅದಕ್ಕೆ ಇನ್ನೊಂದು ಸಾರಿ. ಫೋನ್ ಮಾಡಬಹುದಿತ್ತು, ಆದರೆ ಅಪ್ಪ ಸ್ಪೀಕರಿಗೆ ಹಾಕುತ್ತಾರೆ. ಈ ವಿಷಯ ಅಪ್ಪನ ಕಿವಿಗೆ ಬೀಳಬಾರದು.

ವಿಷಯ ಏನೆಂದರೆ, ನನ್ನ ಮಂಚದ ಕೆಳಗೆ ಐವತ್ತು ಕಿಲೋ ಅಡುಗೆ ಸೋಡಾ ಇದೆ.

ಹೇಗೆ ಬಂತೆಂದು ಹೇಳಿಬಿಡುತ್ತೇನೆ. ಹಾಸ್ಟೆಲಿನ ಮೊದಲ ಮೀಟಿಂಗಿನಲ್ಲಿ ವಾರ್ಡನ್ ಮೇಡಂ, "ಎರಡನೇ ಮಹಡಿಗೆ ಕ್ಲೀನಿಂಗ್ ಲೀಡರ್ ಯಾರಾಗ್ತೀರಿ?" ಎಂದರು. ಹದಿಮೂರು ಜನ ತಾರಸಿ ನೋಡಿದರು. ನಾನು ಮೇಡಮ್ಮನ್ನು ನೋಡಿದೆ. ಯಾರಾದರೂ ಮಾತಾಡುವಾಗ ಮುಖ ನೋಡಬೇಕೆಂದು ಏಳನೇ ವಯಸ್ಸಿನಿಂದ ಹಾಸ್ಟೆಲುಗಳಲ್ಲಿ ಕಲಿಸಿದ್ದಾರಲ್ಲ, ಅದರ ಫಲ. ಲೀಡರ್ ಆದೆ.

ನನ್ನ ರೂಮ್‌ಮೇಟಿಗೆ ಫಿನಾಯಿಲ್ ವಾಸನೆ ಬಡಿದರೆ ಸಾಕು, ಒಂದರ ಹಿಂದೆ ಒಂದು ಹನ್ನೊಂದು ಸೀನು. ನಾವು ಅವಳನ್ನು ಅಲಾರಂ ಎಂದೇ ಕರೆಯುವುದು. ಪಾಪ, ಆಮೇಲೆ ಗಂಟೆಗಟ್ಟಲೆ ಉಬ್ಬಸ. ಅದಕ್ಕೆ ಫಿನಾಯಿಲ್ ಬೇಡ, ಆ್ಯಸಿಡ್ ಬೇಡ, ಸೋಡಾ ಮತ್ತು ವಿನೆಗರಿನಲ್ಲೇ ಎಲ್ಲ ತೊಳೆಯೋಣ ಎಂದೆ. ಚಿಕ್ಕ ಚಿಕ್ಕ ಪೊಟ್ಟಣ ಕೊಳ್ಳುವ ಬದಲು ಹೋಲ್‌ಸೇಲಿನಲ್ಲಿ ತಂದರೆ ಕಾಲು ಬೆಲೆಗೆ ಬರುತ್ತದೆ ಎಂದು ಯಾರೋ ಹೇಳಿದರು. ಎಲ್ಲರೂ ವರ್ಷದ ಚಂದಾ ನನ್ನ ಕೈಗಿಟ್ಟರು.

ಅಂಗಡಿಯವರು, "ಎಷ್ಟು ಬೇಕಮ್ಮ?" ಎಂದರು.

"ಒಂದು" ಎಂದೆ. ನನ್ನ ತಲೆಯಲ್ಲಿದ್ದದ್ದು ಒಂದು ದೊಡ್ಡ ಪ್ಯಾಕೆಟ್ಟು.

"ಇಷ್ಟು ದೂರ ಬಂದು ಒಂದೇನಾ?" ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಾರಾದರೂ ಹಾಗೆ ನೋಡಿದರೆ ನನಗೆ ಕೈಕಾಲು ಆಡುವುದಿಲ್ಲ ಚಿಕ್ಕಮ್ಮ. "ಎರಡು ಕೊಡಿ" ಎಂದುಬಿಟ್ಟೆ. ಒಳಗಿನಿಂದ ಇಬ್ಬರು ಗಂಡಸರು ಒಂದೊಂದು ಮೂಟೆ ಹೊತ್ತು ಬಂದರು. ಅಯ್ಯೋ ಬೇಡ ಎನ್ನಲು ಬಾಯಿ ತೆರೆದೆ. ಹೊರಟದ್ದು, "ವಿನೆಗರೂ ಇದೆಯಾ?" ಅದು ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಬರುತ್ತದಂತೆ.

ಆಟೋದಿಂದ ಮೂಟೆ ಇಳಿಸುವಾಗ ಅಲಾರಂ ಕೇಳಿದಳು: "ಏನೇ ಇದು? ಕಾಲೇಜು ಬಿಟ್ಟು ಬೇಕರಿ ಇಡ್ತೀಯಾ?"

ಸೋಡಾ, ವಿನೆಗರ್ ಎರಡನ್ನೂ ಒಂದೇ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದೆ. ಮುಚ್ಚಳ ಹೋಗಿ ದೀಪಕ್ಕೆ ಬಡಿಯಿತು. ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವು ನಲವತ್ತು ರೂಮಿನ ಲಾಡ್ಜನ್ನು ದಿನಾ ತೊಳೆಯುವವರು. ಯಾವುದನ್ನು ಎಲ್ಲಿಗೆ, ಎಷ್ಟು ಹಾಕಬೇಕು, ದಯವಿಟ್ಟು ತಿಳಿಸಿ. ಅಪ್ಪನಿಗೆ ಮಾತ್ರ ಬೇಡ. 'ಓದಿನಲ್ಲಿ ಗಟ್ಟಿ, ವ್ಯವಹಾರದಲ್ಲಿ ಮೊದ್ದು' ಎಂದು ಅವರು ಮೊದಲೇ ತೀರ್ಮಾನ ಮಾಡಿದ್ದಾರೆ. ಸಾಕ್ಷಿ ಒದಗಿಸುವುದು ಬೇಡ.

ಇಂತಿ (ಏನೆಂದು ಬರೆಯಬೇಕೋ ತಿಳಿಯದೆ),
ಅಪ್ಪನ ಮಗಳು

*

ಆಗಸ್ಟ್ 9

ಮಗೂ,

ಕಾಗದ ಬಂತು. ಎರಡು ಸಲ ಓದಿದೆ. ಮೊದಲನೇ ಸಲ ಎದೆ ಹೊಡೆದುಕೊಂಡು, ಎರಡನೇ ಸಲ ಹೊಟ್ಟೆ ಹಿಡಿದುಕೊಂಡು. ನಿಮ್ಮಪ್ಪ "ಯಾರದ್ದು?" ಅಂದರು. "ಸೋಡಾ ವ್ಯಾಪಾರದವರದ್ದು" ಅಂದೆ. ಸುಳ್ಳೇನಲ್ಲವಲ್ಲ.

ಮೊದಲು ಆ ಮೂಟೆಗಳನ್ನು ನೆಲದಿಂದ ಎತ್ತು. ಕೆಳಗೊಂದು ಹಲಗೆ ಹಾಕು. ಥಂಡಿ ಕುಡಿದರೆ ಸೋಡಾ ಬಂಡೆಯಾಗುತ್ತೆ. ಆಮೇಲೆ ಅಗ್ಗಕ್ಕೆ ಸಿಕ್ಕಿತು ಅಂತ ಮುಗ್ಗಲು ಜೋಳ ತಂದವರ ಕಥೆ ಆಗುತ್ತೆ ನಿನ್ನದು. ತಿಂಗಳಿಗೆ ಬೇಕಾದಷ್ಟು ಡಬ್ಬಿಗೆ ಹಾಕಿಕೊಂಡು ಮೂಟೆ ಬಾಯಿ ಬಿಗಿಯಾಗಿ ಕಟ್ಟು. ಮಂಚದ ಕೆಳಗೆ ಅಲ್ಲ, ಕಣ್ಣಿಗೆ ಕಾಣೋ ಕಡೆ ಇಡು. ಬಚ್ಚಿಟ್ಟ ಸಾಮಾನು ಖರ್ಚಾಗುವುದಿಲ್ಲ.

ಸೋಡಾ, ವಿನೆಗರ್ ಎರಡನ್ನೂ ಸೇರಿಸಿ ಇಡಬೇಡ. ಅತ್ತೆ ಸೊಸೆ ಇದ್ದ ಹಾಗೆ ಅವು, ಸೇರಿದ ತಕ್ಷಣ ಬುಸ್ ಅಂತವೆ, ಆಮೇಲೆ ಎರಡರಿಂದಲೂ ಕೆಲಸ ಆಗಲ್ಲ. ಜಿಡ್ಡಿಗೆ, ವಾಸನೆಗೆ, ಟೀ ಕಪ್ಪಿನ ತಳದ ಕರೆಗೆ ಸೋಡಾ. ಒದ್ದೆ ಬಟ್ಟೆಗೆ ಚಿಮುಕಿಸಿ ಉಜ್ಜು. ನಲ್ಲಿ ಮೇಲಿನ ಬಿಳೀ ಉಪ್ಪಿಗೆ, ಕನ್ನಡಿಗೆ, ಟೈಲ್ಸಿಗೆ ವಿನೆಗರ್, ಅರ್ಧಕ್ಕರ್ಧ ನೀರು ಸೇರಿಸಿ. ಮಿಕ್ಕಿದ್ದಕ್ಕೆಲ್ಲ ತೋಳು. ತೋಳು ಯಾವ ಅಂಗಡಿಯಲ್ಲೂ ಹೋಲ್‌ಸೇಲಿಗೆ ಸಿಗಲ್ಲ.

ಆ ಸೀನೋ ಹುಡುಗಿಯ ಬಗ್ಗೆ ಯೋಚಿಸಿ ಇದನ್ನೆಲ್ಲ ತಂದೆಯಲ್ಲ, ಒಳ್ಳೇದು ಮಾಡಿದೆ. ನಮ್ಮ ಲಾಡ್ಜಿನಲ್ಲಿ ಹಾಗೆ ಯೋಚಿಸುವವರು ಇದ್ದಿದ್ದರೆ ನನ್ನ ಬೆರಳು ಇಷ್ಟು ಬಿರಿಯುತ್ತಿರಲಿಲ್ಲ.

ಲಕೋಟೆ ಅಂಟಿಸುವಾಗ ನೆನಪಾಯಿತು. ಅಮೃತಶಿಲೆ ನೆಲಕ್ಕೆ ಮಾತ್ರ ವಿನೆಗರ್ ಮುಟ್ಟಿಸಲೇಬೇಡ. ಹುಳಿ ಬಿದ್ದರೆ ಆ ಕಲ್ಲಿನ ಹೊಳಪು ಸತ್ತುಹೋಗುತ್ತೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡ.

ಚಿಕ್ಕಮ್ಮ

*

ಆಗಸ್ಟ್ 13

ಚಿಕ್ಕಮ್ಮನವರಿಗೆ,

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ಒಂದೇ ಒಂದು ದಿನ ಲೇಟು. ಕೊನೆಯ ಪ್ಯಾರಾವನ್ನು ನಾನು ಓದಿದ್ದು ಎಲ್ಲಿ ಕೂತು ಗೊತ್ತೇ? ಆ ಕಲ್ಲಿನ ಮೇಲೇ.

ನಿಮ್ಮ ಉತ್ತರ ಬರುವ ಮೊದಲೇ ನಾನು ಬಾತ್‌ರೂಮಿನಲ್ಲಿ ಶುರುಮಾಡಿಬಿಟ್ಟಿದ್ದೆ. ನಲ್ಲಿಗಳು ಎಷ್ಟು ಹೊಳೆದವೆಂದರೆ ಮೂರನೇ ಮಹಡಿಯವರು ನೋಡಲು ಬಂದರು. ನನ್ನನ್ನು ಯಾರಾದರೂ ಹೊಗಳಿದರೆ ಅದು ತಪ್ಪು ತಿಳಿವಳಿಕೆಯೇ ಇರಬೇಕು ಎನ್ನಿಸುತ್ತದೆ. ಸಾಬೀತು ಮಾಡಲು ಇನ್ನಷ್ಟು ಮಾಡುತ್ತೇನೆ. ಹಾಗಾಗಿ ಸೋಮವಾರ ಬೆಳಿಗ್ಗೆ ಕೆಳಗಿನ ಹಜಾರವನ್ನೂ ನಾನೇ ಒರೆಸಿದೆ. ಬಾಗಿಲು ದಾಟಿದ ಕೂಡಲೇ ಸಿಗುವ ಬಿಳೀ ಅಮೃತಶಿಲೆಯ ಹಜಾರ. ಹಳೆಯ ವಿದ್ಯಾರ್ಥಿನಿಯರು ಸೇರಿ ಹಾಕಿಸಿಕೊಟ್ಟದ್ದು. ಮೇಡಂ ಅದರ ಮೇಲೆ ತಾವೂ ಚಪ್ಪಲಿ ಹಾಕುವುದಿಲ್ಲ. ನೀರು ಬೆರೆಸದ ವಿನೆಗರ್ ಸುರಿದು, 'ಚೆನ್ನಾಗಿ ನೆನೆಯಲಿ' ಎಂದು ಬಿಟ್ಟು, ತಿಂಡಿಯ ಬೆಲ್ಲಾಯಿತೆಂದು ಹೋದೆ.

ವಾಪಸು ಬಂದು ಒರೆಸಿದರೆ ಎರಡು ಚಾಪೆಯಷ್ಟು ಜಾಗ ಮಂಕು. ಕಿಟಕಿಯ ಬೆಳಕು ಅಲ್ಲಿಗೆ ಬಂದು ನಿಂತುಹೋಗುತ್ತದೆ. ಬೆರಳಾಡಿಸಿದರೆ ಸೀಮೆಸುಣ್ಣದ ಹಾಗೆ ತರಿತರಿ.

ಮೇಡಂ ಎಲ್ಲರನ್ನೂ ಕರೆದು, "ಇದನ್ನ ಯಾರು..." ಎನ್ನುವಷ್ಟರಲ್ಲಿ ನಾನು "ನಾನೇ ಮೇಡಂ, ಸಾರಿ ಮೇಡಂ" ಎಂದಿದ್ದೆ. ಅವರು ಕೇಳಲು ಹೊರಟದ್ದು 'ಇದನ್ನ ಯಾರು ಮೊದಲು ನೋಡಿದ್ದು' ಎಂದು, ಆಮೇಲೆ ತಿಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಸೆಪ್ಟೆಂಬರ್ ಇಪ್ಪತ್ತಕ್ಕೆ ಈ ನೆಲ ಹಾಕಿಸಿಕೊಟ್ಟವರು ಬರ್ತಾರೆ. ಅಷ್ಟರಲ್ಲಿ ಇದು ಮೊದಲಿನ ಹಾಗೆ ಆಗಿರಬೇಕು. ಇಲ್ಲದಿದ್ರೆ ನಿನ್ನ ಸೀಟಿನ ವಿಷಯ ಕಮಿಟಿಗೆ ಹೋಗುತ್ತೆ" ಎಂದು ಮೆಲ್ಲಗೆ ಹೇಳಿ ಹೋದರು.

ಚಿಕ್ಕಮ್ಮ, ಈ ಸೀಟು ಹೋದರೆ ನನಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ. ಮನೆ ಇದೆ ಅಂತೀರಿ. ಇದೆ, ನಿಜ. ಆದರೆ ಅಲ್ಲಿ ನನ್ನ ಹಲ್ಲುಜ್ಜುವ ಬ್ರಷ್ಷು ಯಾವಾಗಲೂ ಬ್ಯಾಗಿನಲ್ಲೇ ಇರುತ್ತದೆ. ನಿಮ್ಮ ತಪ್ಪು ಅಂತಲ್ಲ. ನಾನೇ ಹೊರಗೆ ಇಡುವುದಿಲ್ಲ.

ಅಪ್ಪನಿಗೆ ಹೇಳಲೇಬೇಡಿ. ಮೂವತ್ತು ವರ್ಷ ಅಮೃತಶಿಲೆಗೆ ಪಾಲಿಶ್ ಮಾಡಿದವರ ಮಗಳು ಅಮೃತಶಿಲೆಗೆ ವಿನೆಗರ್ ಸುರಿದಳು ಎಂದರೆ! ಆ ಕಲ್ಲಿಗೆ ಏನಾಗುತ್ತದೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿರುತ್ತದೆ. ಹಾಸ್ಟೆಲಿನಲ್ಲಿ ಬೆಳೆದ ನನಗೊಬ್ಬಳಿಗೆ ಗೊತ್ತಿಲ್ಲ.

ಇದು ಸರಿಹೋಗುತ್ತದಾ? ಇಷ್ಟು ಮಾತ್ರ ಹೇಳಿ.

ಇಂತಿ,
ಮೊದ್ದು

*

ಆಗಸ್ಟ್ 19

ಮಗೂ,

ಹೋಗುತ್ತೆ. ಸರಿಹೋಗುತ್ತೆ. ಮೊದಲು ಅದನ್ನೇ ಬರೆದೆ, ಯಾಕಂದರೆ ನೀನು ಮಿಕ್ಕಿದ್ದನ್ನು ಓದುವುದು ಆಮೇಲೆ.

ನನಗೆ ಹೇಗೆ ಗೊತ್ತು ಅಂತ ಕೇಳಬೇಡ ಅಂದಿದ್ದೆ. ನೀನು ಕೇಳಲೂ ಇಲ್ಲ. ಆದರೂ ಹೇಳುತ್ತೇನೆ. ಲಾಡ್ಜಿಗೆ ಸೇರಿದ ಹೊಸತರಲ್ಲಿ ನನಗೂ ಹೊಗಳಿಕೆ ತಲೆಗೇರಿತ್ತು. ಮುಂದಿನ ಮೆಟ್ಟಿಲು ಅಮೃತಶಿಲೆಯದ್ದು. ಅಡುಗೆಮನೆಯಿಂದ ಒಂದು ಬಾಟಲಿ ವಿನೆಗರ್ ಕದ್ದು ತಂದು ಒಂಬತ್ತು ಮೆಟ್ಟಿಲನ್ನೂ ತಿಕ್ಕಿದೆ. ನಿನ್ನದು ಎರಡು ಚಾಪೆ, ನನ್ನದು ಒಂಬತ್ತು ಮೆಟ್ಟಿಲು. ಲೆಕ್ಕದಲ್ಲಿ ನಾನೇ ದೊಡ್ಡ ಮೊದ್ದು.

ಮ್ಯಾನೇಜರ್ ಉಗಿದು ಉಪ್ಪು ಹಾಕಿದರು. ಪಾಲಿಶ್ ಮಾಡೋರನ್ನು ಕರೆಸಿದರು. ಬಂದವರು ಮೆಟ್ಟಿಲು ನೋಡಿ, "ಯಾರು ಮಾಡಿದ್ದು?" ಅಂದರು. ನಾನು ಕಂಬದ ಹಿಂದೆ ನಿಂತಿದ್ದೆ. "ಕಲ್ಲೇ ಸರಿ ಇಲ್ಲ ಸಾರ್, ಹಳೇದು. ಯಾರದ್ದೂ ತಪ್ಪಲ್ಲ" ಅಂತ ಮ್ಯಾನೇಜರಿಗೆ ಹೇಳಿ ಕೂತರು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ತಗೊಂಡರು. ಮೂರನೇ ದಿನ ನಾನೇ ಹೋಗಿ, "ತಪ್ಪು ನಂದು" ಅಂದೆ. "ಗೊತ್ತು. ನಿಮ್ಮ ಕೈಯೆಲ್ಲಾ ವಿನೆಗರ್ ವಾಸನೆ" ಅಂದರು ನಿಮ್ಮಪ್ಪ.

ಹೌದು ಮಗೂ, ನಾವು ಭೇಟಿಯಾಗಿದ್ದು ಹಾಗೆ. ನಿನಗೆ ಯಾರೂ ಹೇಳಿರಲಿಲ್ಲ ಅನ್ನೋದು ನಿನ್ನ ಕಾಗದ ಓದಿದ ಮೇಲೆ ನನಗೆ ಹೊಳೆಯಿತು. ಎಂಟು ವರ್ಷದಲ್ಲಿ ಹೇಳೋಕೆ ಒಂದು ಸಂಜೆ ಸಿಗಲಿಲ್ಲವಾ ನಮಗೆ? ಆ ನಾಲ್ಕು ದಿನ ಅವರು ಬಾಯಿ ಬಿಟ್ಟರೆ ನಿನ್ನ ಮಾತೇ. ನನ್ನ ಮಗಳಿಗೆ ತಾಯಿಯಿಲ್ಲ, ಹಾಸ್ಟೆಲಲ್ಲಿ ಬಿಟ್ಟಿದ್ದೇನೆ, ಇಡೀ ಕ್ಲಾಸಿಗೆ ಫಸ್ಟು, ಹಾಲು ಕುಡಿಯಲ್ಲ. ನಿನ್ನನ್ನು ನೋಡುವ ಮುಂಚೆಯೇ ನೀನು ಹಾಲು ಕುಡಿಯಲ್ಲ ಅಂತ ನನಗೆ ಗೊತ್ತಿತ್ತು.

ಇದರ ಜೊತೆ ಪಾರ್ಸೆಲ್ ಕಳಿಸಿದ್ದೇನೆ. ಮೂರು ಬಗೆಯ ಉಜ್ಜುಕಾಗದ, ಪಾಲಿಶ್ ಪುಡಿ, ಉಣ್ಣೆಯ ಬಿಲ್ಲೆಗಳು. ಮೊದಲು ತರಿ ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ, ಎಲ್ಲ ನೀರು ಹಾಕಿಕೊಂಡೇ. ಕೊನೆಗೆ ಪುಡಿ ಹಚ್ಚಿ ಬಿಲ್ಲೆಯಲ್ಲಿ ಉಜ್ಜು. ಮೆಷೀನಿಗೆ ಅರ್ಧ ದಿನ, ಕೈಗೆ ಒಂದು ತಿಂಗಳು. ನಿನ್ನ ಹತ್ತಿರ ತಿಂಗಳು ಇದೆ.

ಅಪ್ಪನ ಪೆಟ್ಟಿಗೆಯಿಂದ ತೆಗೆದದ್ದು. "ಲಾಡ್ಜಿನ ಮೆಟ್ಟಿಲಿಗೆ ಬೇಕು" ಅಂದೆ. "ತಗೋ" ಅಂದರು, ಅಷ್ಟೆ. ಕಟ್ಟುವುದಕ್ಕೆ ದಾರವನ್ನೂ ಅವರೇ ಕೊಟ್ಟರು.

ಚಿಕ್ಕಮ್ಮ

*

ಸೆಪ್ಟೆಂಬರ್ 1

ಚಿಕ್ಕಮ್ಮಾ,

ಪಾರ್ಸೆಲ್ ಬಂತು. ಬಿಲ್ಲೆಗಳ ನಡುವೆ ಮಡಿಸಿದ ಒಂದು ಚೀಟಿ ಇತ್ತು. ನೀವು ಇಟ್ಟದ್ದಲ್ಲ ಅಂತ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. 'ಗುಂಡಗೆ ಉಜ್ಜಬೇಕು. ನೀರು ಒಣಗಲು ಬಿಡಬಾರದು. ಅವಸರ ಬೇಡ.' ಸಹಿಯಿಲ್ಲ. ನನಗೆ ಅಪ್ಪ ಬರೆದ ಅತಿ ಉದ್ದದ ಕಾಗದ ಇದು.

ಅವರಿಗೆ ಹೇಗೆ ಗೊತ್ತಾಯಿತು?

ಶುರುವಿನಲ್ಲಿ ಒಬ್ಬಳೇ ಉಜ್ಜುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಷ್ಟು ಉಜ್ಜಿದರೂ ಬಿಳೀ ಕೆಸರು, ಒರೆಸಿದರೆ ಅದೇ ಮಂಕು. ಮೂರನೇ ದಿನ ಅಲಾರಂ ಬಂದು ಪಕ್ಕದಲ್ಲಿ ಕೂತು, "ನನ್ನ ಮೂಗಿನಿಂದ ಶುರುವಾಗಿದ್ದಲ್ವಾ, ಕೊಡು ಇಲ್ಲಿ" ಎಂದು ಕಾಗದ ಕಿತ್ತುಕೊಂಡಳು. ಐದನೇ ದಿನಕ್ಕೆ ಆರು ಜನ. ಈಗ ಸಂಜೆ ಐದಕ್ಕೆ ಇಡೀ ಮಹಡಿ ಕೆಳಗಿಳಿದು ಗುಂಡಗೆ ಉಜ್ಜುತ್ತದೆ. ಒಬ್ಬಳು ಕೂತಲ್ಲೇ ಸೂತ್ರಗಳನ್ನು ಬಾಯಿಪಾಠ ಮಾಡುತ್ತಾಳೆ, ಮಿಕ್ಕವರು ಅವಳಿಂದ ಕೇಳಿ ಕಲಿಯುತ್ತೇವೆ. ಹೋದ ವಾರದ ಟೆಸ್ಟಿನಲ್ಲಿ ನಮ್ಮ ಮಹಡಿ ಫಸ್ಟು!

ಮೇಡಂ ಬೆತ್ತದ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ. ಮೊನ್ನೆ, "ಏ, ಆ ಮೂಲೇಲಿ ಚೌಕ ಉಜ್ತಿದ್ದೀಯ, ಗುಂಡಗೆ ಉಜ್ಜು" ಎಂದು ಒಬ್ಬಳಿಗೆ ಗದರಿದರು. ಅಪ್ಪನ ಚೀಟಿ ಈಗ ಅವರ ಕನ್ನಡಕದ ಡಬ್ಬಿಯಲ್ಲಿದೆ.

ಮೂಟೆಗಳನ್ನು ಹಲಗೆಯ ಮೇಲೆ ವರಾಂಡಕ್ಕೆ ತಂದಿಟ್ಟೆ, ನೀವು ಹೇಳಿದ ಹಾಗೆ. ಬಂದುಹೋಗುವವರೆಲ್ಲ ಒಂದೊಂದು ಡಬ್ಬಿ ತುಂಬಿಕೊಳ್ಳುತ್ತಾರೆ. ಶೂಗೆ, ಚರಂಡಿಗೆ, ಟೀ ಕಪ್ಪಿಗೆ. ಒಂದು ಮೂಟೆ ಅರ್ಧಕ್ಕಿಳಿದು ನಡು ಬಗ್ಗಿದ ಅಜ್ಜಿಯ ಹಾಗೆ ಗೋಡೆಗೊರಗಿ ಕೂತಿದೆ. ಯಾರೋ ಅದಕ್ಕೊಂದು ಶಾಲು ಹೊದಿಸಿದ್ದಾರೆ.

ಮಂಕು ಒಂದು ಚಾಪೆಗೆ ಇಳಿದಿದೆ. ಇನ್ನು ಹತ್ತೊಂಬತ್ತು ದಿನ. ಹಾಸಿಗೆಯಲ್ಲಿ ಮಲಗಿದರೂ ಕೈ ಗುಂಡಗೆ ತಿರುಗುತ್ತಿರುತ್ತದೆ. ಆಗದಿದ್ದರೆ? ಎಂದು ದಿನಕ್ಕೆ ಮೂರು ಸಲ ಕೇಳಿಕೊಳ್ಳುತ್ತೇನೆ. ಮೊದಲು ಮೂವತ್ತು ಸಲ ಕೇಳಿಕೊಳ್ಳುತ್ತಿದ್ದೆ.

ನಿಮ್ಮ ಬೆರಳು ಬಿರಿದಿದೆ ಅಂದಿರಿ. ಅದನ್ನು ನಾನು ಯಾವತ್ತೂ ನೋಡಲಿಲ್ಲವಲ್ಲ. ರಜೆಗೆ ಬಂದಾಗೆಲ್ಲ ನೀವೇ ಊಟ ಬಡಿಸುತ್ತಿದ್ದಿರಿ. ನಾನು ತಟ್ಟೆ ನೋಡುತ್ತಿದ್ದೆ.

ಇಂತಿ,
ನಿಮ್ಮ ಮೊದ್ದು ನಂಬರ್ ಎರಡು

*

ಸೆಪ್ಟೆಂಬರ್ 7

ಮಗೂ,

ಡ್ಯೂಟಿ ನಡುವೆ ಬರೆಯುತ್ತಿದ್ದೇನೆ, ಚಿಕ್ಕ ಕಾಗದ.

ಅವರಿಗೆ ಹೇಗೆ ಗೊತ್ತಾಯಿತು ಅಂತ ನಾನೂ ಕೇಳಿದೆ. "ಲಾಡ್ಜಿನ ಮೆಟ್ಟಿಲು ಕಿತ್ತು ಟೈಲ್ಸ್ ಹಾಕಿ ಎರಡು ವರ್ಷ ಆಯ್ತು. ಹಾಕಿದ್ದು ನಾನೇ" ಅಂದರು. ದಿನಾ ಹತ್ತಿ ಇಳಿಯುವ ಮೆಟ್ಟಿಲು ನನಗೇ ಮರೆತುಹೋಗಿತ್ತು! "ಮತ್ತೆ ಯಾಕೆ ಸುಮ್ಮನೆ ಕೊಟ್ಟಿರಿ?" ಅಂದರೆ, "ನೀವಿಬ್ಬರೂ ಸೇರಿ ಏನೋ ಮುಚ್ಚಿಡ್ತಿದ್ದೀರಿ. ಅದನ್ನ ನಾನ್ಯಾಕೆ ಕೆಡಿಸಲಿ" ಅಂದರು. ಆಮೇಲೆ ರೇಡಿಯೋ ಜೋರು ಮಾಡಿದರು.

ನನ್ನ ಕೈ ಬಗ್ಗೆ ಚಿಂತೆ ಬೇಡ. ನಿನ್ನ ಕಾಗದ ತೋರಿಸಿ ಮ್ಯಾನೇಜರಿಗೆ ಹೇಳಿದೆ: ಹುಡುಗೀರು ಹಾಸ್ಟೆಲ್ಲನ್ನೇ ಸೋಡಾದಲ್ಲಿ ತೊಳೀತಾರೆ, ನಮ್ಮ ನಲವತ್ತು ರೂಮಿಗೆ ಯಾಕಾಗಬಾರದು ಅಂತ. "ನೋಡೋಣ" ಅಂದರು. ಅವರು ನೋಡೋಣ ಅಂದರೆ ಆಯಿತು ಅಂತಲೇ.

ಉಜ್ಜು. ಅವಸರ ಬೇಡ. ಆಗದಿದ್ದರೆ ಅನ್ನುವ ಪ್ರಶ್ನೆಗೆ ಉತ್ತರ ಇದೆ. ಆಗದಿದ್ದರೆ ಇಲ್ಲಿಗೆ ಬಾ. ಕಿಟಕಿ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದಿದ್ದೇನೆ, ಬ್ಯಾಗು ತೂಗುಹಾಕಲು. ಅಲ್ಲೊಂದು ಲೋಟವನ್ನೂ ಇಟ್ಟಿದ್ದೇನೆ, ಬ್ರಷ್ಷಿಗೆ.

ಚಿಕ್ಕಮ್ಮ

*

ಸೆಪ್ಟೆಂಬರ್ 21

ಚಿಕ್ಕಮ್ಮಾ,

ನಿನ್ನೆ ಅವರೆಲ್ಲ ಬಂದು ಹೋದರು.

ಹನ್ನೆರಡು ಜನ, ಎಲ್ಲರಿಗೂ ಅಜ್ಜಿಯ ವಯಸ್ಸು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಹಜಾರ ದಾಟಿದರು, ಗೋಡೆಯ ಮೇಲೆ ತಮ್ಮ ಹಳೆಯ ಗ್ರೂಪ್ ಫೋಟೋ ಹುಡುಕಿಕೊಂಡು, "ಅಯ್ಯೋ, ಎಷ್ಟು ಸಣ್ಣಗಿದ್ದೆ ನೋಡೇ!" ಎಂದು ಒಬ್ಬರನ್ನೊಬ್ಬರು ತಿವಿದುಕೊಂಡರು, ಟೀ ಕುಡಿದರು, ಹೋದರು. ಒಬ್ಬರಾದರೂ, ಒಬ್ಬರೆಂದರೆ ಒಬ್ಬರೂ, ಕೆಳಗೆ ನೋಡಲಿಲ್ಲ! ಸುಮಾರು ಒಂದು ತಿಂಗಳು ಹದಿನಾಲ್ಕು ಜನ ತೋಳು ಸವೆಸಿದ ನೆಲವನ್ನು ಯಾರೂ ಗಮನಿಸಲಿಲ್ಲ. ಅಲಾರಂಗೆ ಸಿಟ್ಟು. "ಕಾಲು ಜಾರಿಯಾದರೂ ಬೀಳಬಾರದಿತ್ತಾ?" ಎಂದಳು. ನನಗೆ ಮಾತ್ರ ಮೆಟ್ಟಿಲ ಮೇಲೆ ಕೂತು ಅಳುವಷ್ಟು ಖುಷಿ. ನೀನಾದರೆ ಅರ್ಥಮಾಡಿಕೊಳ್ಳುತ್ತೀಯ. ನಲವತ್ತು ರೂಮು ತೊಳೆದವಳಿಗೆ ಗೊತ್ತಿರುತ್ತದೆ, ಯಾರೂ ಏನೂ ಅನ್ನದ ದಿನವೇ ಕೆಲಸ ಸರಿಯಾಗಿ ಆದ ದಿನ.

ಅವರು ಹೋದ ಮೇಲೆ ಮೇಡಂ ಮಂಡಿಯೂರಿ ಕೂತು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದರು. "ಇಲ್ಲೊಂದು ಅಂಗೈಯಷ್ಟು ಉಳಿದಿದೆ" ಎಂದರು. ಎದ್ದು, ಚಪ್ಪಲಿ ಸ್ಟ್ಯಾಂಡನ್ನು ಒಂದು ಗೇಣು ಪಕ್ಕಕ್ಕೆ ಎಳೆದು ಅದರ ಮೇಲಿಟ್ಟರು. "ಈಗಿಲ್ಲ" ಎಂದರು. "ಹೋಗು, ಓದ್ಕೋ."

ಸೀಟು ಉಳಿಯಿತು ಚಿಕ್ಕಮ್ಮ. ಕಮಿಟಿ ಇಲ್ಲ, ಏನೂ ಇಲ್ಲ. ಸಾಲದ್ದಕ್ಕೆ ಮೂರು ಮಹಡಿಗೂ ಇನ್ನು ಮೇಲೆ ಸೋಡಾ, ವಿನೆಗರೇ ಅಂತೆ, ಖರೀದಿಗೆ ನಾನೇ ಹೋಗಬೇಕಂತೆ. "ಆದ್ರೆ ನಿನ್ನ ಜೊತೆ ಬೇಡ ಅನ್ನೋಕೆ ಬರುವವರು ಯಾರನ್ನಾದರೂ ಕರ್ಕೊಂಡು ಹೋಗು" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮ್ಯಾನೇಜರ್ 'ನೋಡೋಣ' ಎಂದದ್ದು ಏನಾಯಿತು? ಲಾಡ್ಜಿಗೂ ಬೇಕಿದ್ದರೆ ಇಬ್ಬರದ್ದೂ ಸೇರಿಸಿ ಒಟ್ಟಿಗೇ ಕೊಂಡರೆ ಇನ್ನೂ ಅಗ್ಗಕ್ಕೆ ಬರುತ್ತದೆ. ಅಂಗಡಿಯವರನ್ನು ಕೇಳಿ ಬಂದೆ. (ಕೇಳಿ ಬಂದೆ ಅಷ್ಟೇ. ಏನೂ ಕೊಳ್ಳಲಿಲ್ಲ. ಅವರು ಮೇಲಿಂದ ಕೆಳಗೆ ನೋಡಿದರು, ನಾನೂ ನೋಡಿದೆ.) ನೀನು ಬಂದು ಪಕ್ಕದಲ್ಲಿ ನಿಂತರೆ ಚೌಕಾಸಿ ಮಾಡಬಹುದು. ಆ ಅಂಗಡಿಗೆ ನಿಮ್ಮ ಕಡೆಯಿಂದ ಬಸ್ಸಿನಲ್ಲಿ ನಾಲ್ಕು ಗಂಟೆ. ಖರೀದಿ ಮುಗಿಸಿ, ಲಾಡ್ಜಿನ ಪಾಲಿನ ಮೂಟೆಗಳ ಜೊತೆ ನಾನೂ ಬಸ್ಸು ಹತ್ತುತ್ತೇನೆ. ಹದಿನೈದು ದಿನ ರಜೆ ಇದೆ. ಪ್ರತಿ ಸಲ ಸ್ಪೆಷಲ್ ಕ್ಲಾಸ್ ಇದೆ ಎಂದು ಅಪ್ಪನಿಗೆ ಹೇಳುತ್ತಿದ್ದೆನಲ್ಲ, ಅದು ಯಾವ ಸಲವೂ ಇರಲಿಲ್ಲ. ಅವರಿಗೆ ಅದೂ ಗೊತ್ತಿರುತ್ತದೆ.

ಸೀಟು ಹೋಗಿದ್ದರೆ ನಾನು ಬರಲೇಬೇಕಾಗಿತ್ತು. ಈಗ ಬರಬೇಕೆಂದೇನೂ ಇಲ್ಲ. ಬರಲಾ?

ಬ್ರಷ್ಷು ತರುತ್ತೇನೆ. ಲೋಟ ಅಲ್ಲೇ ಇರಲಿ. ಹಾಲು ಮಾತ್ರ ಈಗಲೂ ಕುಡಿಯುವುದಿಲ್ಲ.

ಬಸ್ಸಿಗೆ ಮುಂದಿನ ವಾರದ ಶುಕ್ರವಾರದೊಳಗೆ ಸೀಟು ಹಿಡಿಯಬೇಕು. ಬೇಗ ಉತ್ತರ ಬರಿ.

ಮಗಳು